ಸೆಳೆತದ ಭಾರ: ಬಳ್ಳಾರಿ ಸೀಮೆಯ ಬಿಲ್ಲು ಮತ್ತು ಬಿಲ್ಲಾಳು

ಬಿಲ್ಲಿನ ಚರಿತ್ರೆಯನ್ನು ಸಾಮಾನ್ಯವಾಗಿ ಬಾಣ ಮುಟ್ಟಿದ ದೂರದಿಂದಲೋ ಗೆದ್ದ ಯುದ್ಧಗಳ ಪಟ್ಟಿಯಿಂದಲೋ ಬರೆಯಲಾಗುತ್ತದೆ; ಅದನ್ನೇ ಬಾಣ ಹೊರಡುವ ಮುನ್ನ ಹೆದೆ ಸೆಳೆದವನ ತೋಳು, ಹೆಗಲು, ಬೆನ್ನುಗಳ ಮೇಲೆ ಬೀಳುವ ಭಾರದಿಂದ ಬರೆಯಹೊರಟರೆ, ಸೈನ್ಯದಲ್ಲಿ ಬಿಲ್ಲಾಳಾಗಲು ಯಾರು ತಕ್ಕವರಾಗಿದ್ದರು, ಅವರನ್ನು ಸಿದ್ಧಪಡಿಸಲು ರಾಜ್ಯಕ್ಕೆ ಎಷ್ಟು ಕಾಲ ಹಿಡಿಯುತ್ತಿತ್ತು, ಬಂದೂಕಿನ ಮುಂದೆ ಬಿಲ್ಲು ಏಕೆ ಹಿಂದೆ ಸರಿಯಿತು ಎಂಬ ಪ್ರಶ್ನೆಗಳು ಹೆಚ್ಚು ತಿಳಿಯಾಗುತ್ತವೆ. ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಅತಿ ಹೆಚ್ಚಿನ ಬಲವನ್ನು ಸೆಳೆತದ ಭಾರ ಎನ್ನಬಹುದು. ಇಂದಿನ ಕ್ರೀಡಾಂಗಣದ ಮಾತಿನಲ್ಲಿ ಅದು ‘ಪೌಂಡೇಜ್’, ಏಕೆಂದರೆ ಜಗತ್ತಿನಾದ್ಯಂತ ಅದನ್ನು ಪೌಂಡಿನಲ್ಲಿ ಅಳೆಯುವುದು ವಾಡಿಕೆ, ಮತ್ತು ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ. ಎಳೆದ ಹೆದೆಯನ್ನು ಬಿಡದೆ ಗುರಿ ನೋಡುತ್ತ ನಿಲ್ಲುವಾಗ ಬೆರಳುಗಳು ಹೊರುವುದು ಹಿಡಿತದ ಭಾರ. ಸಾವಿರಾರು ವರ್ಷಗಳ ಕಾಲ ಈ ಎರಡೂ ಒಂದೇ ಆಗಿದ್ದವು, ಎಷ್ಟು ಎಳೆದರೆ ಅಷ್ಟನ್ನೂ ಹೊರಬೇಕಿತ್ತು. ಅವೆರಡನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಾಂಪೌಂಡ್ ಬಿಲ್ಲು. ಈ ಬೇರ್ಪಡೆಯ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಾಲವನ್ನು ನೋಡಬೇಕು. ಅದಕ್ಕೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಗಿಂತ ತಕ್ಕ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ, ಏಕೆಂದರೆ ತುಂಗಭದ್ರೆಯ ಈ ದಡ ಎರಡು ಶತಮಾನಗಳಿಗೂ ಮಿಕ್ಕಿ ಎರಡು ದೊಡ್ಡ ರಾಜ್ಯಗಳ ಗಡಿಯಾಗಿತ್ತು.

ಬಿಲ್ಲಾಳಿನ ಹಳೆಯ ಚಿತ್ರಗಳು ಈ ನಾಡಿನಲ್ಲಿ ಉಳಿದಿರುವುದು ವೀರಗಲ್ಲುಗಳಲ್ಲಿ, ಅಂದರೆ ಊರಿಗಾಗಿ, ದನಕರುಗಳಿಗಾಗಿ, ಒಡೆಯನಿಗಾಗಿ ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಲ್ಲಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಕ್ಕೆ ಪಯಣ, ಮೇಲೆ ದೇವರ ಸನ್ನಿಧಿ ಎಂಬ ಅವುಗಳ ವಿನ್ಯಾಸ ಪರಿಚಿತವಾದದ್ದೇ. ಆದರೆ ಕೆಳಗಿನ ಪಟ್ಟಿಕೆಯ ಬಿಲ್ಲುಗಾರನನ್ನು ಹತ್ತಿರದಿಂದ ನೋಡಿದರೆ ಶಿಲ್ಪಿ ಅವನನ್ನು ಹಿಡಿದಿಟ್ಟ ಕ್ಷಣ ಗಮನ ಸೆಳೆಯುತ್ತದೆ. ಎಡಗೈ ನೇರವಾಗಿ ಚಾಚಿದೆ, ಬಲಗೈ ಕಿವಿಯ ಹತ್ತಿರ ಬಂದಿದೆ, ಬಾಣ ಇನ್ನೂ ಹೊರಟಿಲ್ಲ. ಕಲ್ಲಿನವನು ಎಂಟುನೂರು, ಒಂಬೈನೂರು ವರ್ಷಗಳಿಂದ ಹೆದೆಯನ್ನು ಹಾಗೆಯೇ ಸೆಳೆದು ನಿಂತಿದ್ದಾನೆ. ರಕ್ತಮಾಂಸದ ಬಿಲ್ಲಾಳಿಗೆ ಆ ನಿಲುವಿನಲ್ಲಿ ಕೆಲವು ಗಳಿಗೆಯೂ ಅಲ್ಲ, ಕೆಲವು ಉಸಿರಿನಷ್ಟು ಹೊತ್ತು ಮಾತ್ರ ನಿಲ್ಲಲು ಸಾಧ್ಯವಿತ್ತು, ಆಮೇಲೆ ಕೈ ನಡುಗುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಕುರುಗೋಡಿನಿಂದ ಆಳಿದ ಸಿಂದರು ಇಂಥ ಬಿಲ್ಲಾಳುಗಳ ಕಾಲದವರು. ಅವರ ಊರಿನ ಸುತ್ತ ಬಂಡೆಗುಡ್ಡಗಳೇ ಇವೆ. ಗುಡ್ಡದ ಮೇಲಿನ ಕೋಟೆಯಿಂದ ಕೆಳಗಿನವನ ಮೇಲೆ ಎಸೆಯುವ ಬಾಣಕ್ಕೆ ಎತ್ತರವೂ ಒಂದಷ್ಟು ಬಲ ಕೊಡುವುದರಿಂದ, ಅಂಥ ನೆಲೆ ಹಗುರ ಬಿಲ್ಲಿನವನಿಗೂ ಅನುಕೂಲ. ಸಿಂದರ ಚಕ್ರವರ್ತಿಗಳಾದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಶಸ್ತ್ರವಿನೋದ’ ಎಂಬ ಪ್ರಕರಣವೇ ಇದ್ದು, ಬಿಲ್ಲುವಿದ್ಯೆಯೂ ಸೇರಿದಂತೆ ಆಯುಧಗಳ ಕೌಶಲವನ್ನು ಸಭೆಯ ಮುಂದೆ ಮೆರೆಸುವುದು ಅರಸನ ವಿನೋದಗಳಲ್ಲಿ ಒಂದೆಂದು ಅದು ಎಣಿಸುತ್ತದೆ.

ಬಿಲ್ಲಿನ ಭಾರವನ್ನು ಕುರಿತು ಹಳೆಯ ಶಾಸ್ತ್ರಕಾರರಿಗೆ ಇದ್ದ ತಿಳಿವಳಿಕೆ ಇಂದಿನ ತರಬೇತುದಾರರನ್ನೂ ಬೆರಗುಗೊಳಿಸುವಂಥದು. ಕೌಟಿಲ್ಯನ ‘ಅರ್ಥಶಾಸ್ತ್ರ’ವು ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ಮೂಲಗಳಿಂದ ಬಿಲ್ಲು ಮಾಡುವುದನ್ನು ಹೇಳಿ, ಹೆದೆಗೆ ಮೂರ್ವದ ನಾರು, ಎಕ್ಕದ ನಾರು, ಸೆಣಬು, ಬಿದಿರು, ಪ್ರಾಣಿಯ ನರ ಮುಂತಾದವನ್ನು ಸೂಚಿಸುತ್ತದೆ; ಇವುಗಳಲ್ಲಿ ಎಕ್ಕದ ಗಿಡ ಬಳ್ಳಾರಿಯ ಪಾಳುನೆಲದಲ್ಲಿ ಇಂದಿಗೂ ಕೇಳುವವರಿಲ್ಲದೆ ಬೆಳೆಯುತ್ತದೆ. ‘ಅಗ್ನಿಪುರಾಣ’ದ ಧನುರ್ವೇದ ಭಾಗವು ನಾಲ್ಕು ಮೊಳದ ಬಿಲ್ಲನ್ನು ಉತ್ತಮ, ಮೂರೂವರೆ ಮೊಳದ್ದನ್ನು ಮಧ್ಯಮ, ಮೂರು ಮೊಳದ್ದನ್ನು ಕನಿಷ್ಠ ಎಂದು ವಿಂಗಡಿಸುತ್ತದೆ. ಧನುರ್ವೇದದ ಇತರ ಗ್ರಂಥಗಳು ಹೆದೆ ಹಿಡಿಯುವ ಮುಷ್ಟಿಗಳನ್ನು ಪತಾಕ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರಿ, ಕಾಕತುಂಡಿ ಎಂದು ಐದಾಗಿ ಹೆಸರಿಸುವುದಲ್ಲದೆ, ಎಳೆದ ಕೈ ಕಿವಿಗೆ ಬಂತೋ ಕೊರಳಿಗೆ ಬಂತೋ ಹೆಗಲಿಗೆ ಬಂತೋ ಎಂಬುದರ ಮೇಲೆ ಸೆಳೆತದ ಬಗೆಗಳನ್ನೂ ಬೇರ್ಪಡಿಸುತ್ತವೆ. ಇಂದು ‘ಡ್ರಾ ಲೆಂಗ್ತ್’ ಎಂದು ಕರೆಯುವ ಸೆಳೆತದ ಉದ್ದ ಇದೇ, ಮತ್ತು ಅದು ಬದಲಾದರೆ ಅದೇ ಬಿಲ್ಲಿನ ಭಾರವೂ ಬದಲಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಮಾತು 1363ರಲ್ಲಿ ಸಂಕಲನಗೊಂಡ ‘ಶಾರ್ಙ್ಗಧರ ಪದ್ಧತಿ’ಯಲ್ಲಿದೆ. ಬಿಲ್ಲೇ ತನ್ನನ್ನು ಪೀಡಿಸುತ್ತಿದ್ದರೆ ಬಿಲ್ಲುಗಾರನಿಗೆ ಗುರಿ ಕಾಣುವುದಿಲ್ಲ, ಆದ್ದರಿಂದ ಬಿಲ್ಲು ಹಿಡಿದವನ ಸ್ವಂತ ಬಲದ ಅಳತೆಗೆ ತಕ್ಕದ್ದಾಗಿರಬೇಕು ಎಂಬುದು ಅದರ ತಾತ್ಪರ್ಯ. ಹಿಡಿತದ ಭಾರ ಗುರಿಯನ್ನು ಕೆಡಿಸುತ್ತದೆ ಎಂಬ, ಕಾಂಪೌಂಡ್ ಬಿಲ್ಲು ಬಗೆಹರಿಸಹೊರಟ ಸಮಸ್ಯೆ ಹೀಗೆ ವಿಜಯನಗರದ ಮೊದಲ ತಲೆಮಾರಿನ ಹೊತ್ತಿಗೇ ಗ್ರಂಥಸ್ಥವಾಗಿತ್ತು. ಪರಿಹಾರ ಮಾತ್ರ ಬಿಲ್ಲನ್ನು ಹಗುರಗೊಳಿಸುವುದು, ಇಲ್ಲವೆ ತೋಳನ್ನು ಬಲಗೊಳಿಸುವುದು, ಇವೆರಡೇ ಆಗಿತ್ತು.

ಎರಡನೆಯ ದಾರಿಯನ್ನು ರಾಜ್ಯವೊಂದು ಹೇಗೆ ಹಿಡಿಯಿತೆಂಬುದಕ್ಕೆ ಇಮ್ಮಡಿ ದೇವರಾಯನ ಆಳ್ವಿಕೆ ಒಳ್ಳೆಯ ಸಾಕ್ಷಿ. ಬುಕ್ಕರಾಯನ ಕಾಲದಿಂದಲೂ ಬಹಮನಿ ಸುಲ್ತಾನರ ಸೇನೆ ತುಂಗಭದ್ರೆ ದಾಟಿ ಬರುವುದು, ವಿಜಯನಗರದ ಸೇನೆ ಅದೇ ನದಿ ದಾಟಿ ರಾಯಚೂರು, ಮುದಗಲ್ಲುಗಳಿಗೆ ನುಗ್ಗುವುದು ನಡೆದೇ ಇತ್ತು. ಸಿರುಗುಪ್ಪದ ಎದುರು ದಡವೇ ಆ ದೋಆಬು, ಅಂದರೆ ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ಫಲವತ್ತಾದ ನೆಲ. 1424ರಿಂದ 1446ರವರೆಗೆ ಆಳಿದ ದೇವರಾಯನು ತನ್ನ ಸೇನೆಯಲ್ಲಿ ಆಳುಗಳೂ ಹಣವೂ ಹೆಚ್ಚಿದ್ದರೂ ಮತ್ತೆ ಮತ್ತೆ ಏಕೆ ಸೋಲುತ್ತಿದೆ ಎಂದು ಸಭೆ ಕರೆದು ಕೇಳಿದನೆಂದೂ, ಕೆಲವರು ಅದನ್ನು ವಿಧಿಯ ಮೇಲೆ ಹಾಕಿದರೆ ಮತ್ತೆ ಕೆಲವರು ಎದುರಾಳಿಯ ಕುದುರೆಗಳು ಗಟ್ಟಿಯಾದವು, ಬಿಲ್ಲುಗಾರರು ನುರಿತವರು ಎಂಬ ಎರಡು ಕಾರಣ ಕೊಟ್ಟರೆಂದೂ ಬಿಜಾಪುರದಲ್ಲಿ ಕುಳಿತು ಬರೆದ ಇತಿಹಾಸಕಾರ ಫೆರಿಶ್ತಾ ಹೇಳುತ್ತಾನೆ. ದೇವರಾಯನು ಎರಡನೆಯ ಉತ್ತರವನ್ನು ನಂಬಿದ. ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು, ಜಹಗೀರು ಕೊಟ್ಟು, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿ, ಅವರು ವಂದಿಸಲು ಸಂಕೋಚಪಡದಿರಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿ, ತನ್ನ ಹಿಂದೂ ಸೈನಿಕರಿಗೆ ಅವರಿಂದ ಬಿಲ್ಲುವಿದ್ಯೆ ಕಲಿಸಿದನೆಂದು ಅದೇ ಬರಹ ತಿಳಿಸುತ್ತದೆ. ಕಲಿಸುವ ಮುಸ್ಲಿಂ ಬಿಲ್ಲುಗಾರರು 2,000, ಕಲಿತ ಹಿಂದೂಗಳು 60,000 ಎಂಬ ಅಂಕಿಗಳೂ ಅದರಲ್ಲಿವೆ. ಆಸ್ಥಾನದ ಇತಿಹಾಸಕಾರರ ಸೊನ್ನೆಗಳನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಬೇಕೆಂಬುದು ನಿಜ. ಆದರೂ ಹಂಪಿಯಲ್ಲಿ ಅಹ್ಮದ್ ಖಾನನೆಂಬುವನು ಇದೇ ದೇವರಾಯನ ಪುಣ್ಯಕ್ಕಾಗಿ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದ್ದು, ಅದರ ಕನ್ನಡ ಶಾಸನ ಆ ಕಟ್ಟಡವನ್ನು ಧರ್ಮಸಾಲೆ ಎಂದೇ ಕರೆಯುವುದರಿಂದ, ಫೆರಿಶ್ತಾನ ಕಥೆಯ ತಿರುಳನ್ನು ತಳ್ಳಿಹಾಕುವಂತಿಲ್ಲ.

ಆ ಬಿಲ್ಲುಗಾರರ ಹೆಚ್ಚುಗಾರಿಕೆ ತೋಳಿನಲ್ಲಿ ಎಷ್ಟಿತ್ತೋ ಬಿಲ್ಲಿನಲ್ಲೂ ಅಷ್ಟೇ ಇತ್ತು. ತುರ್ಕಿ, ಪಾರಸೀಕ ಸಂಪ್ರದಾಯದ ಬಿಲ್ಲು ಒಂದೇ ಮರದ್ದಲ್ಲ. ನಡುವೆ ತೆಳು ಮರ, ಬಿಲ್ಲುಗಾರನ ಕಡೆಗೆ ಕೊಂಬಿನ ಪಟ್ಟಿ, ಗುರಿಯ ಕಡೆಗೆ ನರದ ಎಳೆಗಳು, ಇವೆಲ್ಲವನ್ನೂ ಪ್ರಾಣಿಜನ್ಯ ಅಂಟಿನಿಂದ ಬೆಸೆದು ತಿಂಗಳುಗಟ್ಟಲೆ ಒಣಗಿಸಿ ಮಾಡುತ್ತಿದ್ದ ಸಂಯುಕ್ತ ಬಿಲ್ಲು ಅದು. ಬಾಗಿದಾಗ ಒಳಮೈ ಅದುಮಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಅದುಮುವಿಕೆಯನ್ನು ಕೊಂಬು ಮರಕ್ಕಿಂತ ಚೆನ್ನಾಗಿ ತಾಳುತ್ತದೆ, ಹಿಗ್ಗುವಿಕೆಯನ್ನು ನರ ಮರಕ್ಕಿಂತ ಚೆನ್ನಾಗಿ ತಾಳುತ್ತದೆ. ಹೀಗಾಗಿ ಆಳೆತ್ತರದ ಮರದ ಬಿಲ್ಲು ಮಾಡುವ ಕೆಲಸವನ್ನು ಅದಕ್ಕಿಂತ ಬಹಳ ಗಿಡ್ಡ ಬಿಲ್ಲು ಮಾಡಿ, ಕುದುರೆಯ ಎಡಬಲಗಳಿಗೆ ತಿರುಗಿಸಿ ಹೊಡೆಯಲು ಒದಗುತ್ತಿತ್ತು. ಕ್ರಿಸ್ತಪೂರ್ವದ ಭಾರತದ ಕಾಲಾಳು ತನ್ನೆತ್ತರದ ಬಿಲ್ಲನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಸೆಳೆಯುತ್ತಿದ್ದನೆಂದು ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನ ವರದಿಯನ್ನು ಆಧರಿಸಿ ಅರಿಯನ್ ಬರೆದಿದ್ದಾನೆ. ಅಂಥ ಬಿಲ್ಲನ್ನು ಕುದುರೆಯ ಮೇಲೆ ಹೇರಲಾಗದು. ಸಂಯುಕ್ತ ಬಿಲ್ಲಿನ ಶತ್ರು ತೇವ. ಅಂಟು ನೀರುಂಡರೆ ಪದರ ಬಿಡುತ್ತದೆ. ಮಲೆನಾಡಿನ ಮಳೆಯಲ್ಲಿ ಅದನ್ನು ಕಾಪಾಡುವುದು ಕಷ್ಟವಾದರೆ, ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಬಳ್ಳಾರಿಯ ಒಣಹವೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು ಎಂದು ಊಹಿಸಲು ಅಡ್ಡಿಯಿಲ್ಲ.

ವಿಜಯನಗರದ ಯುದ್ಧಬಿಲ್ಲುಗಳ ಸೆಳೆತದ ಭಾರವನ್ನು ಅಳೆದು ಬರೆದಿಟ್ಟವರಿಲ್ಲವಾದ್ದರಿಂದ ಹೋಲಿಕೆಗೆ ದೂರದ ಒಂದು ಹಡಗಿನತ್ತ ನೋಡಬೇಕಾಗುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲಿಷರ ‘ಮೇರಿ ರೋಸ್’ ಹಡಗಿನಲ್ಲಿ ನೂರಕ್ಕೂ ಹೆಚ್ಚು ಮರದ ಬಿಲ್ಲುಗಳು ಸಿಕ್ಕವು. ಅವುಗಳ ಸೆಳೆತದ ಭಾರ ನೂರರಿಂದ 185 ಪೌಂಡುಗಳವರೆಗೆ ಇದ್ದಿರಬೇಕೆಂದು ಅಧ್ಯಯನಕಾರರು ಅಂದಾಜಿಸಿದ್ದಾರೆ. 185 ಪೌಂಡೆಂದರೆ ಸುಮಾರು 84 ಕಿಲೊ, ಸಿರುಗುಪ್ಪದ ರೈಸ್‌ಮಿಲ್ಲಿನ ಮುಂದೆ ಹಮಾಲರು ಬೆನ್ನಿಗೇರಿಸುವ 75 ಕಿಲೊ ಭತ್ತದ ಚೀಲಕ್ಕಿಂತ ಹೆಚ್ಚು. ಹಮಾಲ ಅದನ್ನು ಬೆನ್ನಲ್ಲಿ ಹೊರುತ್ತಾನೆ, ಬಿಲ್ಲಾಳು ಅದನ್ನು ಎರಡು ಮೂರು ಬೆರಳಲ್ಲಿ ಎಳೆಯಬೇಕಿತ್ತು. ಅಂಥ ತೋಳು ಒಂದು ವರ್ಷದಲ್ಲಿ ಬೆಳೆಯುವುದಿಲ್ಲ, ಬಾಲ್ಯದಿಂದ ಬೆಳೆಸಬೇಕು. ಕನ್ನಡದಲ್ಲಿ ಬಿಲ್ಲು ಕಲಿಸುವ ಗುರುವಿಗೆ ‘ಬಿಲ್ಲೋಜ’ ಎಂಬ ಪ್ರತ್ಯೇಕ ಹೆಸರೇ ಹುಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಎರಡು ದೃಶ್ಯಗಳನ್ನು ಬರೆದಿಟ್ಟಿದ್ದಾನೆ, ಎರಡೂ ಈ ವಿಷಯಕ್ಕೆ ಸೇರಿದವು. ಮೊದಲನೆಯದು ಅರಸನ ಬೆಳಗಿನ ಸಾಧನೆ: ಹೊತ್ತು ಮೂಡುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆ ಅದನ್ನೇ ಬಳಿದುಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ತೋಳಲ್ಲಿ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಹರಿಯುವ ತನಕ ಕತ್ತಿ ಬೀಸಿ, ಆಮೇಲೆ ಜಟ್ಟಿಯೊಡನೆ ಕುಸ್ತಿ. ಗರಡಿ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಭಾರದ ಬಿಲ್ಲು ಬಳಸುವ ಕಾಲಕ್ಕೆ ಗರಡಿಯೇ ಆಯುಧಶಾಲೆಯ ಅರ್ಧ ಭಾಗ. ಎರಡನೆಯದು ಮಹಾನವಮಿಯ ನಂತರದ ಸೇನಾ ಪರಿವೀಕ್ಷಣೆ. ಚಿನ್ನ ಬೆಳ್ಳಿಯ ತಗಡು ಹೊದಿಸಿದ ಬಿಲ್ಲುಗಳನ್ನೂ, ಅಂದವಾಗಿ ಗರಿ ಕಟ್ಟಿದ ಬಾಣಗಳನ್ನೂ ಹಿಡಿದ ಬಿಲ್ಲಾಳುಗಳ ಸಾಲುಗಳು ಮುಗಿದ ಮೇಲೆ ಅರಸನೇ ಬಿಲ್ಲೆತ್ತಿ ಮೂರು ಬಾಣಗಳನ್ನು ಬಿಟ್ಟನಂತೆ, ಒಂದು ಬಿಜಾಪುರದ ಆದಿಲ್‌ಶಾಹಿಯ ಹೆಸರಿಗೆ, ಒಂದು ಗೋಲ್ಕೊಂಡದ ಕುತುಬ್‌ಶಾಹಿಯ ಹೆಸರಿಗೆ, ಇನ್ನೊಂದು ಪೋರ್ಚುಗೀಸರ ಹೆಸರಿಗೆ. ಯಾವ ಬಾಣ ಹೆಚ್ಚು ದೂರ ಬೀಳುತ್ತದೋ ಆ ದಿಕ್ಕಿನ ರಾಜ್ಯದ ಮೇಲೆ ಯುದ್ಧ ಹೂಡುವುದು ರೂಢಿಯೆಂದು ಪಾಯೆಸ್ ಕೇಳಿ ಬರೆದ. ಬಾಣ ದೂರ ಹೋಗುವುದು ಹೆದೆಯನ್ನು ಎಷ್ಟು ಬಲದಿಂದ ಎಷ್ಟು ಉದ್ದ ಎಳೆಯಲಾಯಿತೆಂಬುದರ ಮೇಲೆ ನಿಂತಿರುವುದರಿಂದ, ಯಾರ ಮೇಲೆ ದಂಡೆತ್ತಬೇಕೆಂಬುದು ಮೊದಲೇ ತೀರ್ಮಾನವಾಗಿದ್ದರೆ ಅದನ್ನು ಶಕುನದ ರೂಪದಲ್ಲಿ ಪ್ರಕಟಿಸುವುದು ನುರಿತ ತೋಳಿಗೆ ಕಷ್ಟವಾಗಿರಲಿಕ್ಕಿಲ್ಲ.

ಅದೇ 1520ರಲ್ಲಿ ರಾಯಚೂರಿನ ಮುತ್ತಿಗೆಯಲ್ಲಿ ಕ್ರಿಸ್ತೊವಾವೊ ದ ಫಿಗೆರೆದೊ ಎಂಬವನ ಕೈಕೆಳಗಿನ ಬೆರಳೆಣಿಕೆಯ ಪೋರ್ಚುಗೀಸ್ ಬಂದೂಕುಗಾರರು ಕೋಟೆಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆದುರುಳಿಸುತ್ತಿರಲು, ವಿಜಯನಗರದ ಆಳುಗಳು ಕೆಳಗೆ ಗೋಡೆಯ ಕಲ್ಲುಗಳನ್ನು ಕೀಳಲು ಸಾಧ್ಯವಾಯಿತೆಂದು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಬರೆದಿದ್ದಾನೆ. ಅಂದಿನ ಬಂದೂಕು ತುಂಬಲು ನಿಧಾನ, ಮಳೆಗೆ ಅಂಜುಬುರುಕ, ಗುರಿಯಲ್ಲಿ ಒಳ್ಳೆಯ ಬಿಲ್ಲಿಗಿಂತ ಮೇಲೇನೂ ಅಲ್ಲ. ಆದರೆ ಬಲವನ್ನು ಮದ್ದು ಕೊಡುತ್ತದೆ, ತೋಳು ಕೊಡಬೇಕಿಲ್ಲ; ಹಸಿದವನೂ ಜ್ವರದಿಂದ ಎದ್ದವನೂ ಅದನ್ನು ಅಷ್ಟೇ ಬಲವಾಗಿ ಹಾರಿಸಬಲ್ಲ, ಮತ್ತು ಅದನ್ನು ಕಲಿಸಲು ವರ್ಷಗಳು ಬೇಡ, ವಾರಗಳು ಸಾಕು. ಬಿಲ್ಲನ್ನು ಸೋಲಿಸಿದ್ದು ಗುಂಡಿನ ವೇಗಕ್ಕಿಂತ ಹೆಚ್ಚಾಗಿ ಈ ಅಗ್ಗದ ಕಲಿಕೆ.

ಸೋಲು ಒಂದೇ ದಿನದಲ್ಲಿ ಆಗಲಿಲ್ಲ. 1565ರಲ್ಲಿ ವಿಜಯನಗರ ಸೋತ ನಂತರ ಈ ಸೀಮೆಯನ್ನು ಹಂಚಿಕೊಂಡ ಪಾಳೆಯಗಾರರ ಬೇಡಪಡೆಗಳಲ್ಲಿ, ಬೇಟೆಯಲ್ಲಿ, ಬೆಳೆಗಾವಲಿನಲ್ಲಿ ಬಿಲ್ಲು ಉಳಿದೇ ಇತ್ತು. ಆದರೆ ಬಳ್ಳಾರಿ ಗುಡ್ಡವನ್ನು ನೋಡಿದರೆ ಕಾಲ ಎತ್ತ ಸಾಗಿತ್ತೆಂಬುದು ತಿಳಿಯುತ್ತದೆ: ಮೇಲಿನ ಕೋಟೆ ಹಂಡೆ ಪಾಳೆಯಗಾರ ಹನುಮಪ್ಪ ನಾಯಕನ ಕಾಲದ್ದು, ಕೆಳಗಿನ ಕೋಟೆ ಹದಿನೆಂಟನೆಯ ಶತಮಾನದಲ್ಲಿ ಹೈದರ್ ಅಲಿ ಫ್ರೆಂಚ್ ಎಂಜಿನಿಯರನಿಂದ ತೋಪುಗಳ ಯುದ್ಧಕ್ಕೆಂದೇ ಕಟ್ಟಿಸಿದ್ದು. 1800ರಲ್ಲಿ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಥಾಮಸ್ ಮನ್ರೊ ಕಲೆಕ್ಟರನಾಗಿ ಬಂದು ಪಾಳೆಯಗಾರರ ಪಡೆಗಳನ್ನು ಅಡಗಿಸಿದ ಮೇಲೆ ಬಿಲ್ಲಾಳು ಎಂಬ ವೃತ್ತಿಗೆ ಸಂಬಳ ಕೊಡುವವರು ಉಳಿಯಲಿಲ್ಲ. ಬಿಲ್ಲು ಹಂಪಿಯ ಕೋದಂಡರಾಮನ ಕೈಯಲ್ಲಿ, ಬಯಲಾಟದ ಅರ್ಜುನನ ಹೆಗಲಲ್ಲಿ, ಬನ್ನಿ ಮುಡಿಯುವ ಹಬ್ಬದ ಕಥೆಯಲ್ಲಿ, ಆಮೇಲೆ 1954ರ ‘ಬೇಡರ ಕಣ್ಣಪ್ಪ’ದ ರಾಜ್‌ಕುಮಾರರ ಕೈಯಲ್ಲಿ ಉಳಿಯಿತು.

ಭಾರದ ಸಮಸ್ಯೆಗೆ ಮೂರನೆಯ ದಾರಿ ತೆರೆದವನು ಸೈನಿಕನಲ್ಲ, ಅಮೆರಿಕದ ಮಿಸ್ಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್ ಎಂಬ ಬೇಟೆಯ ಹವ್ಯಾಸಿ. ಅವನು ಬಿಲ್ಲಿನ ತುದಿಗಳನ್ನು ಕತ್ತರಿಸಿ ಅಲ್ಲಿ ರಾಟೆಗಳನ್ನು ಕೂರಿಸಿ, ಹೆದೆಯನ್ನು ಕೇಬಲ್ಲುಗಳ ಮೂಲಕ ಅವುಗಳ ಮೇಲೆ ಹಾಯಿಸಿದ. 1966ರಲ್ಲಿ ಅರ್ಜಿ ಹಾಕಿ 1969ರ ಡಿಸೆಂಬರಿನಲ್ಲಿ ಪೇಟೆಂಟ್ ಪಡೆದ. ಅದರ ಗುಟ್ಟು ರಾಟೆಯಲ್ಲಿಲ್ಲ, ರಾಟೆಯ ಅಚ್ಚು ಎಲ್ಲಿದೆ ಎಂಬುದರಲ್ಲಿದೆ. ಬಾವಿಯ ರಾಟೆಗೆ ಅಚ್ಚು ನಟ್ಟನಡುವೆ ಇರುವುದರಿಂದ ಕೊಡ ಮೇಲೆ ಬರುವವರೆಗೂ ಹಗ್ಗದ ಜಗ್ಗು ಒಂದೇ ಸಮ. ಅಚ್ಚನ್ನು ಅಂಚಿನ ಕಡೆಗೆ ಸರಿಸಿದರೆ ರಾಟೆ ತಿರುಗಿದಂತೆ ಎಳೆಯುವವನ ಕಡೆಯ ಸನ್ನೆಗೋಲು ಉದ್ದವಾಗುತ್ತ ಹೋಗಿ, ಕೊನೆಗೆ ಅದೇ ಭಾರ ಹಗುರವೆನಿಸುತ್ತದೆ. ಹೀಗೆ ಅಚ್ಚು ತಪ್ಪಿಸಿದ ರಾಟೆಯೇ ಕ್ಯಾಮ್. ಹೆದೆ ಎಳೆಯತೊಡಗಿದಾಗ ಭಾರ ಬೇಗ ಏರಿ, ಶಿಖರ ಮುಟ್ಟಿ, ಸ್ವಲ್ಪ ದೂರ ಅಲ್ಲೇ ನಿಂತು, ಸೆಳೆತದ ಕೊನೆಯ ಕೆಲವು ಅಂಗುಲಗಳಲ್ಲಿ ಥಟ್ಟನೆ ಇಳಿಯುತ್ತದೆ. ಶಿಖರದ ಭಾರದಲ್ಲಿ ಶೇಕಡ ಎಷ್ಟು ಇಳಿಯಿತೋ ಅದಕ್ಕೆ ‘ಲೆಟ್-ಆಫ್’ ಎಂದು ಹೆಸರು. ಕನ್ನಡದಲ್ಲಿ ಭಾರವಿಳಿತ ಎನ್ನಬಹುದು. ಆರಂಭದ ಬಿಲ್ಲುಗಳಲ್ಲಿ ಅದು ಅರ್ಧವನ್ನು ದಾಟುತ್ತಿರಲಿಲ್ಲ, ಈಗ ಶೇಕಡ 65ರಿಂದ 90ರವರೆಗೂ ಇರುತ್ತದೆ. 60 ಪೌಂಡಿನ ಬಿಲ್ಲಿಗೆ ಶೇಕಡ 80ರ ಇಳಿತವಿದ್ದರೆ ಎಳೆಯುವಾಗ ಒಮ್ಮೆ 27 ಕಿಲೊ ದಾಟಬೇಕು, ಹಿಡಿದು ನಿಲ್ಲುವಾಗ ಹೊರಬೇಕಾದ್ದು 12 ಪೌಂಡು, ಅಂದರೆ ಐದೂವರೆ ಕಿಲೊಗೂ ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ನುಸುಳುತ್ತದೆ: ಹಿಡಿತ ಹಗುರವಾದರೆ ಬಾಣವೂ ಮೆತ್ತಗಾಗಬೇಕಲ್ಲ ಎಂಬುದು. ಬಾಣಕ್ಕೆ ಸಿಗುವುದು ಕೊನೆಯ ಕ್ಷಣದ ಭಾರವಲ್ಲ, ಎಳೆತದ ಪ್ರತಿ ಅಂಗುಲದಲ್ಲೂ ಬಿಲ್ಲಿನ ತೋಳುಗಳಲ್ಲಿ ಕೂಡಿಟ್ಟ ಒಟ್ಟು ಶಕ್ತಿ. ಸಾಮಾನ್ಯ ಬಿಲ್ಲಿನಲ್ಲಿ ಭಾರ ಸೊನ್ನೆಯಿಂದ ಮೆಲ್ಲನೆ ಏರುವುದರಿಂದ, ಶಿಖರದ ಭಾರವನ್ನೇ ಉದ್ದಕ್ಕೂ ಎಳೆದಿದ್ದರೆ ಸಿಗಬಹುದಾದ ಶಕ್ತಿಯ ಅರ್ಧದಷ್ಟು ಮಾತ್ರ ಕೂಡುತ್ತದೆ. ಕಾಂಪೌಂಡಿನಲ್ಲಿ ಭಾರ ಬೇಗ ಏರಿ ಮೇಲೇ ನಿಲ್ಲುವುದರಿಂದ ಅದು ಮುಕ್ಕಾಲಿನ ಆಸುಪಾಸಿಗೆ ಬರುತ್ತದೆ. ಭಾರವಿಳಿದ ತಾವನ್ನು ಕಣಿವೆ ಎನ್ನುತ್ತಾರೆ, ಅದರಾಚೆ ಹೆದೆ ಮುಂದೆ ಬಾರದೆ ನಿಲ್ಲುವ ಎಡೆಯನ್ನು ಗೋಡೆ ಎನ್ನುತ್ತಾರೆ. ಗೋಡೆಗೆ ಆನಿಸಿಕೊಂಡೇ ಇದ್ದರೆ ಕೈ ಶಾಂತ. ಮೈಮರೆತು ಒಂದಂಗುಲ ಸಡಿಲಬಿಟ್ಟರೆ ಕ್ಯಾಮ್ ಹಿಂದಕ್ಕೆ ಹೊರಳಿ ಪೂರ್ತಿ ಭಾರ ಮತ್ತೆ ತೋಳಿಗೆ ಜಗ್ಗುತ್ತದೆ. ಇಳಿತ ಹೆಚ್ಚಿದಷ್ಟೂ ಈ ಜಗ್ಗಿನ ಪೆಟ್ಟೂ ಹೆಚ್ಚು.

ಬೇಟೆಗಾಗಿ ಹುಟ್ಟಿದ ಈ ಬಿಲ್ಲು ಭಾರತಕ್ಕೆ ಬಂದದ್ದು ಕ್ರೀಡೆಯಾಗಿ ಮಾತ್ರ, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಇಲ್ಲಿ ಬೇಟೆ ಅಪರಾಧ. ಸ್ಪರ್ಧೆಯಲ್ಲಿ ಕಾಂಪೌಂಡಿಗೆ 60 ಪೌಂಡಿನ ಮಿತಿಯಿದೆ, ದೂರ 50 ಮೀಟರ್. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡ ಚಿನ್ನ ಗೆದ್ದಿತು. 2023ರ ಹಾಂಗ್‌ಝೌ ಕೂಟದಲ್ಲಿ ಕಾಂಪೌಂಡಿನ ಐದೂ ಚಿನ್ನಗಳು ಭಾರತದ ಪಾಲಾದವು, ಅವುಗಳಲ್ಲಿ ಮೂರರಲ್ಲಿ ವಿಜಯವಾಡದ ಜ್ಯೋತಿ ಸುರೇಖಾ ಭಾಗಿ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಲಾಗಿದೆ. ಬಳ್ಳಾರಿಯ ಒಣ ಬಯಲು ಕಲಿಕೆಗೆ ಇಂದಿಗೂ ಒಳ್ಳೆಯ ನೆಲವೇ. ಹೊಸದಾಗಿ ಬಿಲ್ಲು ಹಿಡಿಯುವ ಮಕ್ಕಳ ತಂದೆತಾಯಿಗಳು ಪೌಂಡಿನ ಪೈಪೋಟಿಗೆ ಬೀಳದೆ, ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ಬಿಲ್ಲನ್ನು ಆಕಾಶಕ್ಕೆ ಎತ್ತದೆ ಗುರಿಯ ಮಟ್ಟದಲ್ಲೇ ಹಿಡಿದು ಹೆದೆಯನ್ನು ನಿಧಾನವಾಗಿ ಎಳೆಯಲು ಹೇಳಬೇಕು. ಮೈ ತಿರುಚದೆ ಎಳೆಯಲಾಗದಿದ್ದರೆ ಆ ಭಾರ ಹೆಚ್ಚಾಯಿತೆಂದೇ ಅರ್ಥ. ಬಿಲ್ಲಿನ ತೋಳುಗಳ ಬುಡದಲ್ಲಿರುವ ಎರಡೂ ತಿರುಪುಗಳನ್ನು ಸಮನಾಗಿ ಸಡಿಲಿಸಿ ಭಾರ ತಗ್ಗಿಸಬೇಕು.